ಬೀಳೂ ಪಾಠ

ಮೊದಲ ದಿನ ಕಲಿಸಿದ್ದು ಬೀಳೂದು.

ಬೆಳಗಾವಿ ಉದ್ಯಮಬಾಗದಾಗ ಬಾಗಲಾ ಹಾಕಿದ ಒಂದು ಫೌಂಡ್ರಿ,
ಕಬ್ಬಿಣ ಕರಗಿಸಿದ ಜಾಗಾದಾಗ ಈಗ ಹಗ್ಗದ ಚೌಕ,
ಮ್ಯಾಲ ನಾಕು ಕ್ಯಾಮೆರಾ, ಕೆಳಗ ಹನ್ನೆರಡು ಮಂದಿ ನಾವು.
ಕೋಚ್ ಅಂದ: ಗದ್ದ ಎದಿಗೆ ಹಚ್ಚು, ಉಸರು ಬಿಡು,
ಎರಡೂ ಅಂಗೈ ಒಮ್ಮೆಲೆ ಹೊಡಿ,
ಬೆನ್ನು ಪೂರಾ ಚಪ್ಪಟಿ ಬೀಳಬೇಕು.
ಸಪ್ಪಳ ಹೊರಗ ಹೋಗಬೇಕು, ಪೆಟ್ಟು ಒಳಗ ಬರಬಾರದು.

ಹನ್ನೊಂದು ಮಂದಿ ಬಿದ್ರು.
ನಾ ನಿಂತೇ ಇದ್ದೆ.

ಬನಹಟ್ಟಿ ಗರಡಿಯಾಗ ಒಂಬತ್ತು ವರ್ಷ
ದಸ್ತಗೀರ ವಸ್ತಾದರು ಹೇಳಿದ್ದು ಒಂದೇ ಮಾತು:
ಬೆನ್ನಿಗೆ ಮಣ್ಣು ಹತ್ತಬಾರದು.
ಮಾರಿಗೆ ಹತ್ತಲಿ, ಬಾಯಾಗ ಹೋಗಲಿ, ಮೊಳಕಾಲ ಸುಲೀಲಿ.
ಕುಸ್ತಿ ಮುಗಿಸಿ ಬಂದ್ರ ಅವ್ವ ಮೊದಲ ನನ್ನ ತಿರುಗಿಸಿ ನಿಲ್ಲಸಾಕಿ.
ಬೆನ್ನು ಸ್ವಚ್ಛ ಇದ್ರ ಹಾಲು.
ಕೆಂಪಾಗಿದ್ರೂ ಹಾಲ ಕೊಡತಿದ್ಲು, ಖರೆ,
ಸಕ್ರಿ ಇರತಿರಲಿಲ್ಲ.

ಹೆಸರೂ ಬದಲಿ ಮಾಡಿದ್ರು.
ಲಗಮವ್ವ ಅಂದ್ರ ಯಾರೂ ಓಟು ಒತ್ತೂದಿಲ್ಲಂತ.
ಸಿಡಿಲಮರಿ ಆದೆ. ನೀಲಿ ಮಿಂಚಿನ ಅರಿವಿ ಕೊಟ್ರು,
ನೇಕಾರನ ಮಗಳು, ಬೆರಳಿಗೆ ಚಟಾ, ಎಳಿ ಎಣಿಸಿದೆ:
ಒಂದ ಒಗತಕ್ಕ ಬಣ್ಣ ಬಿಡೂ ಮಾಲು.
ಅಪ್ಪನ ಮಗ್ಗ ನಿಂತು ಹ್ವಾದದ್ದು ಹೇಳಿ ಅಳು ಅಂದ್ರು.
ನಿಂತಿಲ್ರಿ, ಎರಡ ಪಾಳಿ ನಡದಾವು ಅಂದೆ.
ಕಟ್ ಅಂದ್ರು.

ಮೂರನೇ ರಾತ್ರಿ, ಎಲ್ಲಾರೂ ಮಲಗಿದ ಮ್ಯಾಲ,
ಒಬ್ಬಾಕಿನ ಹಗ್ಗ ದಾಟಿ ಒಳಗ ಹೋದೆ.
ಕಣ್ಣ ಮುಚ್ಚಿ ಹಿಂದಕ್ಕ ಬಿಟ್ಟೆ ಮೈ.
ಖಟ್—
ನಮ್ಮ ಮನಿ ಲಾಳಿ ಬಡದಂಗ ಆತು.
ಒಂದು ತಾಸು ಹಂಗ ಬಿದ್ದೆ, ಎದ್ದೆ,
ಯಾರೂ ಇಲ್ಲದ ಶೆಡ್ಡಿನಾಗ ಒಂಟಿ ಮಗ್ಗ ನಡದಂಗ.

ಹಳಿಯಾಳದ ಫಿಲೋಮಿನಾ ನನ್ನ ವೈರಿ, ಟೀವಿಯೊಳಗ.
ಕೂದಲ ಹಿಡದು ಎಳ್ಯಾಕಿ, ಹಲ್ಲ ಕಡ್ಯಾಕಿ,
ಕುತ್ತಿಗಿ ಲಾಕಿನಾಗ ನನ್ನ ಕಿವಿ ಹತ್ರ ಬಾಯಿ ತಂದು
'ಮೊಳಕಾಲ ಇನ್ನೂ ನೋವೈತೇನ?' ಅಂತಿದ್ಲು.
ಸುಳ್ಳ ಜಗಳದಾಗ ಅಷ್ಟು ಖರೆ ಜ್ವಾಕಿ
ನಾ ಖರೆ ಕುಸ್ತಿಯೊಳಗ ಎಲ್ಲೂ ಕಂಡಿರಲಿಲ್ಲ.

ಕಡೀ ವಾರದ ಹಾಳಿ ಮ್ಯಾಲ ಬರದಿತ್ತು:
ಆರನೇ ನಿಮಿಷ, ಸಿಡಿಲಮರಿ ಚಿತ್ತ.
ಐದೂವರಿ ನಿಮಿಷಕ್ಕ ಆಕಿ ಸೊಂಟ ಸಡಲಿತ್ತು,
ಒಂದ ಧೋಬಿ ಪಛಾಡ ಹಾಕಿದ್ರ ಸಾಕಿತ್ತು.
ಕೈ ತಾನಾಗೇ ಮುಂದ ಹೋತು.
ತಿರುಗಿ ತಗೊಂಡೆ.
ಬಿದ್ದೆ.
ಜಡ್ಜ್ ಎದ್ದು ನಿಂತು ಚಪ್ಪಾಳಿ ಬಡದ:
ಇಷ್ಟು ಚಂದ ಸೋತಾಕಿನ್ನ ನಾ ನೋಡಿಲ್ಲ.

ಊರಿಗೆ ಬಂದು ಹನ್ನೊಂದು ದಿನ ಗರಡಿ ಓಣಿ ತುಳಿಲಿಲ್ಲ.
ಹನ್ನೆರಡನೇ ದಿನ ಹುಡುಗನ ಕೈಯಾಗ ಹೇಳಿ ಕಳಿಸಿದ್ರು.

ವಸ್ತಾದರು ಮಣ್ಣಿಗೆ ಮಜ್ಜಿಗಿ ಹಾಕತಿದ್ರು,
ಅರಿಷಿಣ, ಒಂದೀಟು ಎಣ್ಣಿ, ಸನಿಕಿಲೆ ತಿರುವಿ ತಿರುವಿ.
ಖಾನಾವಳಿ ಟೀವಿಯಾಗ ನೋಡಿದೆ, ಅಂದ್ರು.
ತಲಿ ತಗ್ಗಿಸಿ ನಿಂತೆ.
ಸನಿಕಿ ಗ್ವಾಡಿಗೆ ಆನಿಸಿದ್ರು.
'ಅದನ್ನ ನನಗ ಕಲಸು.'
ಯಾವುದ್ರಿ?
'ಬೀಳೂದು. ಎಪ್ಪತ್ನಾಕು ಆತು.
ಬಚ್ಚಲದಾಗ ಎರಡ ಸಲ ಜಾರೇನಿ. ಮನ್ಯಾಗ ಹೇಳಿಲ್ಲ.'

ಕುಕ್ಕರಗಾಲಿಲೆ ಕುಂದರ್ರಿ ಅಂದೆ.
ಗದ್ದ ಎದಿಗೆ ಹಚ್ರಿ. ಉಸರು ಬಿಡ್ರಿ.
ಜಮಖಂಡಿ, ಮಿರಜ, ಸಾಂಗಲಿ ಕಣದಾಗ
ಯಾರೂ ತೋಯಿಸದ ಬೆನ್ನು
ನನ್ನ ಅಂಗೈ ಮ್ಯಾಲಿಂದ ಮೆಲ್ಲಕ ಮಣ್ಣಿಗೆ ಇಳೀತು.
ಅವರ ಕೈ ಸಪ್ಪಳ ಸಣ್ಣದು, ಆಮ್ಯಾಲ ಬಂತು.
ತಡಾ ಆತೇನ?
ಸ್ವಲ್ಪ ಮೊದಲ ಹೊಡೀಬೇಕ್ರಿ.

ಎದ್ರು. ಬೆನ್ನಿನ ಮಣ್ಣು ಒರಸಾಕ ಹ್ವಾದೆ.
ಇರಲಿ ಬಿಡು ಅಂದ್ರು,
ಇನ್ನೊಮ್ಮೆ.