ಹತ್ತನೇ ಗೆರೆ

ಜಿಲ್ಲಾ ಕಚೇರಿಯಿಂದ ಬಂದ ಕಾಗದದಲ್ಲಿ
ಹತ್ತೇ ಹತ್ತು ಗೆರೆ.
ಮಕ್ಕಳ ಅದ್ಭುತ ಕತೆ, ವಿಜ್ಞಾನದ ಕತೆ,
ಎರಡೂ ಸೇರಿಸಿ ಅತ್ಯುತ್ತಮವಾದ ಹತ್ತನ್ನು ಆರಿಸಿ
ಶುಕ್ರವಾರದೊಳಗೆ ಕಳಿಸಿ, ಕುಲ್ಯಾಶ್ ಅವರೇ.
ಮೊಹರು ಓರೆಯಾಗಿ ಬಿದ್ದಿದೆ. ಸಹಿ ಯಾರದೋ.

ಅತ್ಯುತ್ತಮ ಯಾವುದು ಅಂತ
ಮೂವತ್ತೊಂದು ವರ್ಷದಿಂದ ನನ್ನ ಮೂಗಿಗೆ ಗೊತ್ತು:
ಕುರಿಕೊಬ್ಬಿನ ವಾಸನೆ ಹೊತ್ತು ವಾಪಸು ಬರುವ ಪುಸ್ತಕ,
ಒಲೆ ಪಕ್ಕ, ಊಟದ ಹೊತ್ತಿಗೆ, ಬೈಸಿಕೊಳ್ಳುತ್ತಾ ಓದಿದ್ದು.
ಹೇಳಿದ ದಿನಕ್ಕೇ, ಮಿರಿಮಿರಿ ಮಿಂಚುತ್ತಾ
ಮರಳಿ ಬರುವುದನ್ನು ನಾನು ನಂಬುವುದಿಲ್ಲ.

ಆದರೂ ಮಕ್ಕಳನ್ನು ಕೇಳಿದೆ.
ಕೇಳಬಾರದಿತ್ತು.

'ರಾಕೆಟ್ಟಿನ ಕತೆ ಬೇಡವೇ ಬೇಡ' ಅಂದ ದುಲಾತ್.
'ಬರೆದವನು ಒಂದನ್ನೂ ಕಂಡವನಲ್ಲ.
ಮೊದಲು ಸದ್ದು, ಆಮೇಲೆ ಬೆಳಕಂತೆ, ಪುಟ ನಲವತ್ತು!
ಮೊದಲು ಆಕಾಶ ಬೆಳ್ಳಗಾಗುತ್ತೆ,
ಒಂಟೆ ಏಳುತ್ತೆ,
ನಾಯಿ ಬೊಗಳೋದು ನಿಲ್ಲಿಸುತ್ತೆ,
ಆಮೇಲೆ, ಎಷ್ಟೋ ಹೊತ್ತಾದಮೇಲೆ, ಕಿಟಕಿ ಗಡಗಡ.
ಅಜ್ಜಿ ಮಗ್ಗುಲು ಬದಲಿಸಿ
ಹೋಯ್ತಾ ಅಂತಾಳೆ. ಅಷ್ಟೆ.
ಅದಕ್ಕೆ ಮುನ್ನೂರು ಪುಟ ಯಾಕೆ?'

ಸಾಂಜಾರನಿಗೆ ಮಾತಾಡುವ ಕುದುರೆ ಒಪ್ಪಿಗೆಯಿಲ್ಲ.
ಕುದುರೆಗೆ ಬಾಯಿ ಬಂದರೆ ಮೊದಲು ಜೀನಿನ ಮೇಲೆ ದೂರು ಹೇಳುತ್ತದೆ,
ರಾಜಕುಮಾರನಿಗೆ ಬುದ್ಧಿ ಹೇಳುತ್ತಾ ಕೂರುವುದಿಲ್ಲ.

ಒಂಬತ್ತು ಗೆರೆ ಹೇಗೋ ತುಂಬಿತು.
ಚಂದ್ರನಲ್ಲಿ ಹಲ್ಲು ಬೀಳಿಸಿಕೊಂಡವಳು,
ಗಾಳಿಗೆ ಮಗ್ಗಿ ಕಲಿಸಿದ ಹುಡುಗ,
ಒಂದು ರೋಬೋಟಿನ ಜ್ವರ.

ಆಗ ಬಂದಳು ಅಕ್‌ಬೋತಾ, ಯಾವಾಗಲೂ ತಡ.
ಕುಂಟು ಬೆಂಚಿನ ಕಾಲಡಿಗೆ
ನಾನೇ ತುರುಕಿದ್ದ ದಪ್ಪ ವಹಿಯನ್ನು
ಎಳೆದು, ಊದಿ, ಎದೆಗವಚಿಕೊಂಡು:
'ಇದು. ಇದನ್ನ ಬರೀರಿ.'

ಮೀನಿನ ಕಾರ್ಖಾನೆಯ ಲೆಕ್ಕದ ವಹಿ.
ಸಾವಿರದ ಒಂಬೈನೂರ ಐವತ್ತೇಳು. ನೇರಳೆ ಮಸಿ.
ಜೋರಾಗಿ ಓದಿದಳು:

'ಮೇ ಹದಿನಾಲ್ಕು. ಪಡುವಣ ಗಾಳಿ.
ಏಳು ದೋಣಿ ಹೋದವು, ಏಳೂ ಬಂದವು.
ಬ್ರೀಮ್ ನಾಲ್ಕು ಸಾವಿರ ಕಿಲೋ.
ಸ್ಟರ್ಜನ್ ಒಂದು, ಆಳುದ್ದ.
ಉಪ್ಪು ಮುಗಿದಿದೆ. ಕೂಡಲೇ ಕಳಿಸಿ.'

ಉಪ್ಪು ಮುಗಿದಿದೆ!
ಮಕ್ಕಳು ಬಿದ್ದು ಬಿದ್ದು ನಕ್ಕರು.
ಕಿಟಕಿಯಾಚೆ ಉಪ್ಪೇ ಉಪ್ಪು,
ಒಣಹಾಕಿದ ಅಂಗಿಯಲ್ಲಿ, ಚಹಾದಲ್ಲಿ, ಕಣ್ಣ ರೆಪ್ಪೆಯ ಮೇಲೆ.
'ಎಲ್ಲಿಂದ ಹೊಳೀತು ಕುಲ್ಯಾಶತ್ತೆ, ಇಂಥದ್ದು,
ಇವನಿಗೆ?'

ಹೇಳಲು ಬಾಯಿ ತೆರೆದೆ.
ಕತೆಯಲ್ಲ ಕಂದಾ, ಈ ಕಟ್ಟಡದ ಮೂರನೇ ಮೆಟ್ಟಿಲ ತನಕ
ಸಮುದ್ರ ಬರುತ್ತಿತ್ತು,
ನನ್ನದೊಂದು ಚಪ್ಪಲಿ ಇನ್ನೂ ಅದರ ಹತ್ತಿರವೇ ಇದೆ.
ಅಷ್ಟರಲ್ಲಿ ಅವಳು ಪುಟ ತಿರುಗಿಸಿದ್ದಳು
ಬೆರಳಿಗೆ ಎಂಜಲು ಹಚ್ಚಿ.
ಬಾಯಿ ಮುಚ್ಚಿದೆ.

ಯಾವ ಕಪಾಟಿಗೆ ಸೇರಿಸಲಿ?
ಅದ್ಭುತಕ್ಕೆ ಅನ್ನೋಣವೆಂದರೆ, ನದಿಗಳನ್ನು ಹತ್ತಿಹೊಲಕ್ಕೆ ತಿರುಗಿಸಿದವರು
ವಿಜ್ಞಾನ ಅಂದಿದ್ದರು.

ಹತ್ತನೇ ಗೆರೆಯಲ್ಲಿ ಬರೆದೆ:
ದೈನಿಕ ತೂಕದ ವಹಿ.
ಲೇಖಕರು: ಸಾಗಿಂಬಾಯ್, ಗುಮಾಸ್ತ.
ಬೆಲೆಯ ಜಾಗ ಖಾಲಿ ಬಿಟ್ಟೆ. ಕಚೇರಿ ಬೈಯಲಿ.

ತಾರೀಕು ಒತ್ತಿ ಕೈಗೆ ಕೊಟ್ಟರೆ
ಬಾಗಿಲ ತನಕ ಹೋದವಳು ತಿರುಗಿ ನಿಂತಳು:
'ಎರಡನೇ ಭಾಗ ಇದೆಯಾ?'

ಬಡಗಲಲ್ಲಿ ಕಟ್ಟೆ ಕಟ್ಟಿದ ಮೇಲೆ
ನೀರು ಇತ್ತ ಕಡೆ ಒಂದಿಷ್ಟು ಸರಿದಿದೆ ಅನ್ನುತ್ತಾರೆ.
ದುಲಾತನ ಮಾವ ಮೊನ್ನೆ ಬಕೆಟ್ಟಿನಲ್ಲಿ ಏನೋ ತಂದಿದ್ದ,
ಮುಚ್ಚಿದ ಬಟ್ಟೆಯಾಚೆ ಬಾಲ ಬಡಿಯುತ್ತಿತ್ತು.

'ವಿಚಾರಿಸ್ತೀನಿ' ಅಂದೆ.

ಬೆಂಚಿನ ಕಾಲಿಗೆ
ರಾಕೆಟ್ಟಿನ ಪುಸ್ತಕ ಸರಿಯಾಗಿ ಕೂತಿತು.