ಚೀಲ ಸುರಿದದ್ದು

ಪುಸ್ತಕದಲ್ಲಿ ಅದು ನಾಲ್ಕೂವರೆ ಸಾಲು:
ಸಾವಿರದ ಎಂಟುನೂರ ಎಪ್ಪತ್ತೊಂದು, ಒಂದು ಕಾಯಿದೆ,
ಹುಟ್ಟುತ್ತಲೇ ಕಳ್ಳರೆಂದು ಬರೆಸಿಕೊಂಡ ಕುಲಗಳು.
ಕೊನೆಯ ಅರ್ಧ ಸಾಲಿನಲ್ಲಿ ಸ್ವಾತಂತ್ರ್ಯ ಬರುತ್ತದೆ,
ಕಾಯಿದೆ ರದ್ದಾಗುತ್ತದೆ, ಪಾಠ ಮುಂದಕ್ಕೆ ಹೋಗುತ್ತದೆ.

"ಎಷ್ಟು ಮಾರ್ಕಿಂದು ಮೇಡಂ?" ಎಂದ ಬಾಬಾಜಾನ್.
ಎರಡು, ಎಂದೆ. ಬಂದರೆ.

ಮೂರನೇ ಬೆಂಚಿನಲ್ಲಿ ಶ್ರಾವಣಿ
ಸ್ಕೇಲಿಟ್ಟು ಅಡಿಗೆರೆ ಎಳೆಯುತ್ತಿದ್ದಳು, ನಾಲ್ಕೂವರೆಗೂ,
ತಲೆ ಎತ್ತದೆ.
ಕಿವಿಯ ಹಿಂದಿನ ಆ ಮಚ್ಚೆ
ಅವಳ ಅಣ್ಣನಿಗೂ ಇತ್ತು.
ನನಗೆ ಹೇಗೆ ಗೊತ್ತು ಅಂದರೆ,
ಅವನು ನೆಲಕ್ಕೆ ಬಗ್ಗಿ ಪುಸ್ತಕ ಆಯ್ದುಕೊಳ್ಳುವಾಗ
ನಾನು ಮೇಲೆ ನಿಂತಿದ್ದೆ.

ಆರು ವರ್ಷದ ಹಿಂದೆ ಪ್ರವಾಸದ ದುಡ್ಡು ಕಾಣೆಯಾಗಿತ್ತು,
ಒಂಬೈನೂರು ರೂಪಾಯಿ.
ನಲವತ್ತೊಂದು ಚೀಲಗಳಿದ್ದವು ಕೋಣೆಯಲ್ಲಿ.
ನಾನು ಸುರಿದದ್ದು ಒಂದನ್ನೇ.
ಯಾರೂ ಹೇಳಿಕೊಟ್ಟಿರಲಿಲ್ಲ, ಕೈ ತಾನೇ ಹೋಯಿತು,
ಏರಿ ಕೆಳಗಿನ ಕೊರಮರ ಗುಡಿಸಲಿನ ಗಂಗುಲಪ್ಪನ ಚೀಲಕ್ಕೆ.
ಎರಡು ನೋಟ್ ಬುಕ್ಕು, ಅರ್ಧ ಜಾಮೆಟ್ರಿ ಬಾಕ್ಸು,
ಈಚಲ ಗರಿಯಲ್ಲಿ ತಾನೇ ಹೆಣೆದ ಪೆನ್ನಿನ ಗೂಡು.
ಸಂಜೆ ದುಡ್ಡು ಸಿಕ್ಕಿತು,
ಹಾಜರಿ ಪುಸ್ತಕದ ರಟ್ಟಿನೊಳಗೆ, ನನ್ನ ಕೈಯೇ ಇಟ್ಟದ್ದು.
ಮಾರನೆಯ ದಿನದಿಂದ ಅದೇ ಪುಸ್ತಕದಲ್ಲಿ
ಅವನ ಹೆಸರಿನ ಮುಂದೆ ಗೈರು, ಗೈರು, ಗೈರು,
ಆಮೇಲೆ ಕೆಂಪು ಶಾಯಿಯ ಒಂದು ಗೆರೆ.
ಕಾಯಿದೆ ರದ್ದಾಗಿ ಅಷ್ಟರಲ್ಲಿ
ಅರವತ್ತು ಚಿಲ್ಲರೆ ವರ್ಷ.

ಭಾನುವಾರ ಭೈರಸಾಗರದ ಏರಿ ಇಳಿದು ಹೋದೆ.
ಸುಂಕುಲಮ್ಮ ಗರಿ ಸೀಳುತ್ತಿದ್ದಳು, ಕೈ ನಿಲ್ಲಿಸಲಿಲ್ಲ.
ಪಾಠಕ್ಕೆ ಬನ್ನಿ, ನಿಮ್ಮ ಮಾತು ನೀವೇ ಹೇಳಿ ಎಂದೆ.
ಆಮೇಲೆ ದನಿ ತಗ್ಗಿಸಿ ಅದನ್ನೂ ಹೇಳಿದೆ:
ಮೊಮ್ಮಗನ ವಿಷಯದಲ್ಲಿ ತಪ್ಪಾಯಿತಮ್ಮ.
"ಸುರಿಯುವಾಗ ಎಷ್ಟು ಜನ ಇದ್ದರು?"
ನಲವತ್ತೊಂದು.
"ಈಗ?"
ಒಂದು ಹಂದಿಮರಿ ಇತ್ತು. ಅವಳಿದ್ದಳು. ನಾನಿದ್ದೆ.

ಮಂಗಳವಾರ ಮೂರನೇ ಪೀರಿಯಡ್ಡಿಗೆ ಬಂದಳು.
ಬಂದಳು ಅಂದೆನೆ? ಬಂದರು.
ಕುರ್ಚಿ ಬೇಡವೆಂದು ನೆಲದಲ್ಲಿ ಕೂತರು, ಗರಿ ಹಂಚಿದರು,
ಅರ್ಧ ತೆಲುಗು, ಅರ್ಧ ಕನ್ನಡ:
ಸುಳಿ ಮುಟ್ಟಬಾರದು, ಅದು ಮರ ಇನ್ನೂ ಆಡದ ಮಾತು.
ಗೀಜಗ ಗೂಡು ಕಟ್ಟಿದ ಮರ ಬಿಟ್ಟು ಮುಂದೆ ಹೋಗಬೇಕು,
ಅದಕ್ಕೂ ಇದೇ ಕಸುಬು, ನಮಗಿಂತ ಹಳೇ ಮನೆತನ,
ಸಂಬಂಧದಲ್ಲಿ ದೊಡ್ಡಪ್ಪನ ಮಕ್ಕಳಾಗಬೇಕು.
"ಹಕ್ಕಿ ಹೆಂಗಜ್ಜಿ ದೊಡ್ಡಪ್ಪನ ಮಗ ಆಗುತ್ತೆ?"
"ನಿಮ್ಮ ದೊಡ್ಡಪ್ಪನಿಗೆ ಹೆಣೆಯಕ್ಕೆ ಬರುತ್ತಾ?"
"ಇಲ್ಲ."
"ಮತ್ತೆ?"
ತರಗತಿ ನಕ್ಕಿತು. ನಾನು ಹಲಗೆಯ ಮೇಲೆ
'ಪ್ರಕೃತಿ ಆರಾಧನೆ' ಎಂದು ದಪ್ಪಕ್ಷರದಲ್ಲಿ ಬರೆದಿಟ್ಟಿದ್ದೆ,
ಮೆಲ್ಲಗೆ ಒರೆಸಿದೆ.

ಗಂಟೆಗೆ ಇನ್ನು ಹತ್ತು ನಿಮಿಷ.
ನನ್ನ ಚೀಲ ತೆಗೆದು ಸುರಿದೆ, ಮೇಜಿನ ಮೇಲಲ್ಲ, ನೆಲಕ್ಕೆ:
ಬಿ.ಪಿ. ಮಾತ್ರೆ, ಊಟದ ಡಬ್ಬಿ, ಆಧಾರ್ ಕಾರ್ಡು,
ಹಲ್ಲು ಮುರಿದ ಬಾಚಣಿಗೆ, ಯಾರದೋ ಮದುವೆ ಕಾಗದ,
ಶಾಲೆಯ ಮೂರು ಸೀಮೆಸುಣ್ಣ.
ಅವು ನನ್ನವಲ್ಲ.

ಹೇಳಿದೆ. ತಾರೀಖು ಸಹಿತ, ಹೆಸರು ಸಹಿತ, ಒಂಬೈನೂರು ಸಹಿತ.
ರಟ್ಟಿನ ಮಾತು ಬಂದಾಗ ಗಂಟಲು ಕಟ್ಟಿತು;
"ಊಂ, ಮುಂದಕ್ಕೆ" ಎಂದರು ಸುಂಕುಲಮ್ಮ,
ಮಗ್ಗಿ ಒಪ್ಪಿಸಿಕೊಳ್ಳುವವರ ಹಾಗೆ.

ಯಾರೂ ಕ್ಷಮಿಸಲಿಲ್ಲ.
ಶ್ರಾವಣಿ ಸೀಮೆಸುಣ್ಣಗಳನ್ನಷ್ಟೇ ಆಯ್ದು
ಹಲಗೆಯ ಕೆಳಗಿಟ್ಟಳು.
ಮಿಕ್ಕದ್ದನ್ನು ನಾನೇ ಬಗ್ಗಿ ಆಯ್ದುಕೊಂಡೆ.
ಅಷ್ಟರಲ್ಲಿ ಮಕ್ಕಳೆಲ್ಲ ಎದ್ದು ನಿಂತಿದ್ದರು;
ನನ್ನ ಕಿವಿಯ ಹಿಂದೆ ಏನಿದೆಯೋ,
ಈಗ ಅವರಿಗೆ ಗೊತ್ತು.

"ಅವನಿಗೆ ನಾನು ಹೇಳಲ್ಲ" ಎಂದರು ಹೊರಡುವಾಗ ಮುದುಕಿ.
ಚಿಂತಾಮಣಿ ಮಂಡಿಯಲ್ಲಿ ಟೊಮೆಟೊ ಬಾಕ್ಸು ಹೊರುತ್ತಾನಂತೆ.
ಅಲ್ಲಿ ಬೆಳಿಗ್ಗೆ ಹೊತ್ತು ಜನ ಇರುತ್ತಾರಾ,
ಗುಡಿಬಂಡೆ ಬಸ್ ಸ್ಟ್ಯಾಂಡಿನಲ್ಲಿ ಕೇಳಿದೆ.
"ಕಾಲಿಡಕ್ಕೆ ಜಾಗ ಇರಲ್ಲ ಮೇಡಂ" ಎಂದ ಕಂಡಕ್ಟರು.
ಒಳ್ಳೆಯದೇ ಆಯಿತು, ಎಂದೆ.
ಹತ್ತಿದೆ.