ಹಿಂದಿನ ಅಚ್ಚು

ಏಪ್ರಿಲ್ ಬಂತೆಂದರೆ, ಕೆನೋಶಾದ ರಸ್ತೆಗಳ ಉಪ್ಪು
ಎರಡು ಮಳೆಗೆ ತೊಳೆದು ಸರೋವರ ಸೇರಿತೆಂದರೆ,
ಅಲ್ಗಿಸ್ ಸ್ಟಾಂಕಸ್ ತನ್ನ ಅಚ್ಚುಮೆಚ್ಚಿನ ಹಸಿರು ಜಾವೆಲಿನ್ನಿನ
ಹೊದಿಕೆ ಸರಿಸಿ ನೇರ ನನ್ನ ಗ್ಯಾರೇಜಿಗೆ ಬರುತ್ತಾನೆ.
ಎಣ್ಣೆ ಬದಲಿಸಲಿಕ್ಕಲ್ಲ, ಬ್ರೇಕಿಗಲ್ಲ.
ಹಿಂದಿನ ಚಕ್ರಗಳ ನಟ್ಟು ತೋರಿಸಿ
"ಥೋರಾ, ಬಿಗಿ ನೋಡು" ಎನ್ನಲಿಕ್ಕೆ.

ಇಪ್ಪತ್ತೇಳು ವರ್ಷದಿಂದ ನೋಡುತ್ತಿದ್ದೇನೆ.
ಇಪ್ಪತ್ತೇಳು ವರ್ಷದಿಂದ ನನ್ನದು ಒಂದೇ ಮಾತು:
ಮಾರಾಯ, ಈ ಅಚ್ಚನ್ನು ನಂಬಬೇಡ.
ಮುಂದೆ ಮುನ್ನೂರು ಕುದುರೆಯ ಎಂಜಿನ್ನು,
ಹಿಂದೆ ಅದನ್ನು ತಡೆದುಕೊಳ್ಳಲಿಕ್ಕೆ
ಚೂಪಾಗುತ್ತ ಹೋದ ಒಂದು ಉಕ್ಕಿನ ತುದಿ,
ಅದರ ಮೇಲೆ ಒತ್ತಿ ಕೂರಿಸಿದ ಚಕ್ರದ ಗುಂಬ,
ನಡುವೆ ಕಿರುಬೆರಳಿಗಿಂತ ಸಣ್ಣ ಕೀಲು.
ಒಂದೇ ತುಂಡಿನ ಅಚ್ಚು ಸಿಗುತ್ತದೆ ಈಗ, ಹಾಕಿಸಿಬಿಡು.
ಇಲ್ಲವಾದರೆ ಒಂದು ದಿನ ಎಂಜಿನ್ನು ಅರಚುತ್ತದೆ,
ಅಚ್ಚು ತಿರುಗುತ್ತದೆ, ಚಕ್ರ ಮಾತ್ರ
ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ನಿಂತಿರುತ್ತದೆ.

ಅವನ ಉತ್ತರವೂ ಒಂದೇ. ಎಡಗೈ ಎತ್ತಿ ತೋರಿಸುತ್ತಾನೆ.
ಎರಡು ಬೆರಳು ಗಿಡ್ಡ.
"ಕೂರಿಸಿದ್ದು ಈ ಕೈ. ಎರಡನೇ ಪಾಳಿ."

ಕಾರ್ಖಾನೆ ಇದ್ದಲ್ಲಿ ಈಗ ಹುಲ್ಲು, ಹುಲ್ಲಿನಲ್ಲಿ ಗಲ್ ಹಕ್ಕಿ.
ಅವನ ಸೊಂಟದ ಕೀಲನ್ನು ಎರಡು ಸಲ ಬದಲಿಸಿದರು.
ಅಚ್ಚು ಮಾತ್ರ ಹಾಗೇ ಇದೆ.
ಸುಳ್ಳು ಯಾಕೆ, ನನಗೆ ಸ್ವಲ್ಪ ಅವಮಾನ:
ಅಷ್ಟು ಸಾರಿ ಹೇಳಿದವಳ ಮುಖ ನೋಡಿಯಾದರೂ
ಒಮ್ಮೆ ಮುರಿಯಬಾರದೇ ಅದು?

ಈ ಸಲ ಬಲಗಡೆಯ ಸೀಲು ಸೋರುತ್ತಿತ್ತು,
ಗುಂಬವನ್ನೇ ಎಳೆದು ತೆಗೆಯಬೇಕಾಯಿತು.
ಇಕ್ಕಳ ಕಚ್ಚಿಸಿ ಸುತ್ತಿಗೆಯಿಂದ ಕೊಟ್ಟೆ, ಜಗ್ಗಲಿಲ್ಲ.
ಕಾಫಿ ಕುಡಿದು ಬಂದು ಮತ್ತೆ ಕೊಟ್ಟೆ.
ಬಂದೂಕು ಹಾರಿದ ಸದ್ದಿನಲ್ಲಿ ಬಿಟ್ಟಿತು.
ನೋಡಿದರೆ
ಕೀಲು ಎರಡು ತುಂಡು.
ಈಗಿನದಲ್ಲ. ಅಂಚಿಗೆಲ್ಲ ಹಳೆಯ ತುಕ್ಕು.
ಅರ್ಧ ಅಚ್ಚಿನ ಗಾಡಿಯಲ್ಲಿ, ಅರ್ಧ ಗುಂಬದ ಗಾಡಿಯಲ್ಲಿ,
ಒಂದರಿಂದೊಂದು ಕೂದಲೆಳೆಯಷ್ಟು ಸರಿದು.

ಅಲ್ಗಿಸ್ ಬಗ್ಗಿ ನೋಡಲಿಲ್ಲ. ಸೊಂಟ.
"ಎಪ್ಪತ್ತನಾಲ್ಕು" ಎಂದ. "ಆಗಸ್ಟ್.
ಶೆರಿಡನ್ ರಸ್ತೆಯ ದೀಪದಲ್ಲಿ ಒಬ್ಬ ಪಕ್ಕಕ್ಕೆ ನಿಂತು
ಗುರ್ ಗುರ್ ಅನ್ನಿಸಿದ. ಬಿರುತೆ ಜೊತೆಗಿದ್ದಳು, ಏಳು ತಿಂಗಳು.
ಬೇಡ ಅಂದಳು. ತುಳಿದೆ.
ಹಿಂದೆ ಟಿಕ್ ಅಂತು. ಅಷ್ಟೇ,
ಬಟ್ಟೆಯೊಳಗೆ ಸೂಜಿ ಮುರಿದ ಹಾಗೆ.
ಅವಳಿಗೂ ಕೇಳಿಸಿತು."

"ಬಿಚ್ಚಿ ನೋಡಲಿಲ್ಲವೇ?"

"ಬಿಚ್ಚಿದ್ದರೆ ಅವಳಿಗೆ ಹೇಳಬೇಕಿತ್ತು.
ನಟ್ಟು ಬಿಗಿಮಾಡಿದೆ."

ಐವತ್ತು ವರ್ಷ. ಉಕ್ಕನ್ನು ಉಕ್ಕು
ಬರಿಯ ಮೈಯಿಂದ ಅವುಚಿ ಹಿಡಿದು.
ಮಗಳನ್ನು ಆಸ್ಪತ್ರೆಯಿಂದ ತಂದದ್ದು ಹಾಗೆ,
ಬಿರುತೆಯನ್ನು ಆಸ್ಪತ್ರೆಗೆ ಒಯ್ದದ್ದೂ.
ನಾನು ಪ್ರತಿ ಏಪ್ರಿಲ್ ಮೊಣಕಾಲೂರಿ ಬಿಗಿ ನೋಡಿ
"ಸರಿಯಿದೆ" ಎಂದದ್ದು
ಇಲ್ಲದ ಕೀಲಿಗೆ.

ಒಂದೇ ತುಂಡಿನ ಅಚ್ಚಿನ ಮಾತು ನಾಲಿಗೆಯ ತುದಿಗೆ ಬಂತು.
ನುಂಗಿದೆ.
ಹೊಸ ಕೀಲು ಅರದಿಂದ ಉಜ್ಜಿ ಕೂರಿಸಿದೆ,
ಉದ್ದ ಹಿಡಿಯ ಮೇಲೆ ಪೂರ್ತಿ ಮೈಭಾರ ಬಿಟ್ಟೆ.
ಹಳೆಯ ತುಂಡುಗಳನ್ನು ಕೇಳಿದ. ಒರೆಸಿ ಕೊಟ್ಟೆ.
ಅಂಗಿಯ ಜೇಬಿಗಿಳಿಸಿ ಗುಂಡಿ ಹಾಕಿಕೊಂಡ.
ಎಷ್ಟಾಯಿತು ಎಂದ. ಎಂದಿನಂತೆ ಕಡಿಮೆ ಹೇಳಿದೆ,
ಎಂದಿನಂತೆ ಜಾಸ್ತಿ ಇಟ್ಟ.

ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತೆ.
ಮೂಲೆಯ ದೀಪ ಹಸಿರಾಯಿತು.
ಜಾವೆಲಿನ್ ಹೊರಟಿತು, ತುಂಬಿದ ಬಟ್ಟಲು
ಎರಡು ಕೈಯಲ್ಲಿ ಹಿಡಿದವರು ಹೊಸ್ತಿಲು ದಾಟುವ ಹಾಗೆ.
ಹಿಂದಿನ ಲಾರಿ ಹಾರ್ನ್ ಹೊಡೆಯಿತು.
ಮತ್ತೆ ಹೊಡೆಯಿತು.